ಬಸ್ ಸ್ಟಾಪಿನ ನಿದ್ದೆ

ಎಂಬತ್ತರ ದಶಕದಲ್ಲಿ ನಾನು ಪೀಣ್ಯದ ಕಾರ್ಖಾನೆಯೊಂದರ ಡ್ರಾಯಿಂಗ್ ವಿಭಾಗದಲ್ಲಿದ್ದೆ. ದಿನವಿಡೀ ಗೇರು, ಬೋಲ್ಟು ಬರೆದ ಕೈಗೆ ಮನುಷ್ಯರನ್ನು ಬರೆಯುವ ಚಟ. ಬೀದಿಯಲ್ಲಿ ಫೋಟೋ ತೆಗೆದು, ಮನೆಯಲ್ಲಿ ಕೂತು ಬಣ್ಣದಲ್ಲಿ ಬಿಡಿಸುತ್ತಿದ್ದೆ. ಆದರೆ ನಮ್ಮ ಜನ ಇದ್ದಾರಲ್ಲ, ಕ್ಯಾಮೆರಾ ಕಂಡರೆ ಸಾಕು, ತಲೆ ಬಾಚಿಕೊಂಡು, ಮೇಲಿನ ಗುಂಡಿ ಹಾಕಿಕೊಂಡು, ಉಸಿರು ಬಿಗಿಹಿಡಿದು ನಿಂತುಬಿಡುತ್ತಾರೆ. ದಾಸರಹಳ್ಳಿ ಬಸ್ ಸ್ಟಾಪಿನಲ್ಲಿ ಒಂದು ಇಡೀ ರೀಲು ಹೀಗೆ ಹಾಳಾಯಿತು. ಕಡಲೆಕಾಯಿ ಅಳೆಯುತ್ತಿದ್ದಾಕೆ ಕೂಡ ಪಾವು ಕೆಳಗಿಟ್ಟು ಸೆರಗು ಹೊದ್ದು ಕೂತಳು. ನನಗೆ ಬೇಕಿದ್ದದ್ದೇ ಆ ಅಳೆಯುವ ಕೈ.

ಆಮೇಲೆ ಸರಿಯಾಗಿ ಸಿಕ್ಕಿದ್ದು ಒಂದೇ ಫೋಟೋ. ನಮ್ಮ ಗೇಟಿನ ವಾಚ್‌ಮನ್ ರಾತ್ರಿ ಪಾಳಿ ಮುಗಿಸಿ, ಖಾಕಿಯಲ್ಲೇ, ಅದೇ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಪಕ್ಕದವನ ಹೆಗಲಿಗೆ ತಲೆಯಿಟ್ಟು ನಿದ್ದೆಹೋಗಿದ್ದ. ಆ ಪಕ್ಕದವನು ಯಾರೋ ಅಪರಿಚಿತ, ಪಾಪ, ಅಲುಗಾಡದೆ ಕೂತಿದ್ದ. ಒಂದು ತಿಂಗಳು ಅದನ್ನೇ ಬರೆದೆ. ಆಯುಧಪೂಜೆಯ ದಿನ ಎಲ್ಲರ ಮನೆಯವರೂ ಕಾರ್ಖಾನೆ ನೋಡಲು ಬರುತ್ತಾರೆ. ಅಂದು ಚಿತ್ರವನ್ನು ಕ್ಯಾಂಟೀನಿನಲ್ಲಿ ತೂಗುಹಾಕುವುದೆಂದು ಆಯಿತು.

ಹಿಂದಿನ ದಿನ ವಾಚ್‌ಮನ್ ಚಿತ್ರ ನೋಡಿದ. ನನ್ನನ್ನು ಪಕ್ಕಕ್ಕೆ ಎಳೆದ.

"ಕಣ್ಣು ಬಿಟ್ಟಿರೋ ಅಂಗೆ ಬರೀರಿ ಸಾರ್. ಯೂನಿಫಾರ್ಮಲ್ಲಿ ನಿದ್ದೆ ಮಾಡ್ತಿರೋದು ಸಾಹೇಬ್ರು ನೋಡಿದ್ರೆ ನನ್ ಕೆಲ್ಸ ಓಯ್ತದೆ."

ಇದು ಬಸ್ ಸ್ಟಾಪು, ಗೇಟಲ್ಲ, ಹಿಂದೆ ಬಸ್ಸೂ ಇದೆಯಲ್ಲ ಎಂದೆ. ಸಾಹೇಬರು ಬಸ್ಸು ನೋಡುವುದಿಲ್ಲ, ಖಾಕಿ ನೋಡುತ್ತಾರೆ ಎಂದ. ಪಾಳಿಯಲ್ಲಿ ತೂಕಡಿಸಿದ್ದಕ್ಕೆ ಅವನ ಜೊತೆಯ ವಾಚ್‌ಮನ್‌ನನ್ನು ಕೆಲಸದಿಂದ ತೆಗೆದದ್ದು ನನಗೂ ಗೊತ್ತಿತ್ತು. ತಲೆ ಚಚ್ಚಿಕೊಳ್ಳುವಂತಾಯಿತು. ಹಾಗಾದರೆ ಕಣ್ಣು ಬಿಟ್ಟು ಕೂರು, ನೋಡಿಕೊಂಡು ಬರೆಯುತ್ತೇನೆ ಎಂದರೆ, ಸೆಲ್ಯೂಟ್ ಹೊಡೆಯುವವನ ಹಾಗೆ ಸೆಟೆದು, ಗುಡ್ಡೆ ಹೊರಬರುವಂತೆ ಕಣ್ಣರಳಿಸಿದ. ಸಾಕಪ್ಪಾ ಎಂದು ಅವನನ್ನು ಕಳಿಸಿ, ಚಿತ್ರ ಹೊತ್ತು ಮನೆಗೆ ಬಂದು, ಗೋಡೆಯ ಕನ್ನಡಿಯಲ್ಲಿ ನನ್ನ ಕಣ್ಣನ್ನೇ ನೋಡಿಕೊಂಡು ಬರೆದೆ. ತಲೆ ಹೆಗಲ ಮೇಲೆ, ಕಣ್ಣು ಮಾತ್ರ ಅಗಲ. ತಿಂಗಳ ಕೆಲಸ ಅರ್ಧ ಗಂಟೆಯಲ್ಲಿ ಕೆಟ್ಟಿತು.

ಮರುದಿನ ಸಾಹೇಬರು ಚಿತ್ರದ ಮುಂದೆ ನಿಂತು, ಬಸ್ಸು ಚೆನ್ನಾಗಿ ಬಂದಿದೆ ಎಂದು ಹೇಳಿ ಮುಂದೆ ಹೋದರು. ವಾಚ್‌ಮನ್ ನಿಟ್ಟುಸಿರುಬಿಟ್ಟು, ಹೆಂಡತಿಯನ್ನು ಕರೆತಂದು ತೋರಿಸಿದ. ಆಕೆ ಬಹಳ ಹೊತ್ತು ನೋಡಿದಳು. ಬೂಟು, ಬೆಲ್ಟು, ಮೀಸೆ ಎಲ್ಲ ಇವರದೇ ಎಂದಳು.

"ಕಣ್ಣು ಮಾತ್ರ ಇವರ್ದಲ್ಲ ಸಾರ್. ಇಷ್ಟೊಂದು ಸಿಟ್ಟು ಇವರಿಗೆ ಬರಾಕಿಲ್ಲ."

ನಾನು ಕೈಯಲ್ಲಿದ್ದ ಪೂಜೆಯ ಬೂಂದಿಯ ಪೊಟ್ಟಣ ನೋಡುತ್ತಾ ನಿಂತೆ.