ಮಿಡಿಮರದ ಗುರುತಿದ್ದ ಮಹಜರು

ಅರವತ್ತರ ದಶಕದ ನಡುವಿನ ಒಂದು ಬೇಸಿಗೆ. ಮೈಸೂರಿನಲ್ಲಿ ಎಂ.ಎ. ಮುಗಿಸಿ ಸಾಗರದ ಸೋದರಮಾವನ ಮನೆಗೆ ಬಂದಿದ್ದೆ. ಮನೆಯ ಹೆಣ್ಣುಮಕ್ಕಳಲ್ಲಿ ಅಷ್ಟು ಓದಿದವಳು ನಾನೊಬ್ಬಳೇ. ವರ್ಷ ಯಾವುದೆಂದು ಖಚಿತವಾಗಿ ಹೇಳಲಾರೆ. ಆಗಿನ ದಿನಚರಿ ಇದೆ, ಮೊದಲ ಪುಟ ಹರಿದಿದೆ. ನಾನು ಹೇಳಹೊರಟ ಅಪಘಾತವಾದ ದಿನ ಬರೆದದ್ದು ಒಂದೇ ಸಾಲು: 'ಮಿಡಿ ಸಿಗಲಿಲ್ಲ.' ಉಳಿದದ್ದೆಲ್ಲ ನೆನಪಿನಿಂದ. ಅದನ್ನು ಎಷ್ಟು ನಂಬಬಹುದೆಂದು ಓದುತ್ತ ಹೋದರೆ ನಿಮಗೇ ತಿಳಿದೀತು.

ಮಾವನ ಹಳೆಯ ಕಾರಿನಲ್ಲಿ ಅತ್ತೆ ಮತ್ತು ನಾನು ತೀರ್ಥಹಳ್ಳಿಗೆ, ಅತ್ತೆಯ ತಂಗಿಯ ಮನೆಗೆ ಹೊರಟಿದ್ದೆವು. ಓಡಿಸುತ್ತಿದ್ದವನು ಹನ್ನೆರಡು ವರ್ಷದಿಂದ ಮಾವನ ಬಳಿಯಿದ್ದ ಡ್ರೈವರ್. ಹೊಸನಗರ ದಾಟಿದ ಮೇಲೆ ಒಂದು ತಿರುವಿನಲ್ಲಿ, ಹಳ್ಳದ ಮೇಲೆ ಕಾಡುಮಾವಿನ ಮರವೊಂದು ಬಾಗಿತ್ತು. ಗೊಂಚಲು ಗೊಂಚಲು ಮಿಡಿ. ನಮ್ಮ ಕಡೆಯವರಿಗೆ ಉಪ್ಪಿನಕಾಯಿಯ ಮಿಡಿ ಕಂಡರೆ ಬೇರೇನೂ ಕಾಣುವುದಿಲ್ಲ. ನಾವಿಬ್ಬರೂ ಕೂತಿದ್ದ ಹಿಂದಿನ ಸೀಟಿನಿಂದ ಹಸಿರು ಬಳೆಯ ಕೈಯೊಂದು ಮುಂದೆ ಚಾಚಿ ಡ್ರೈವರನ ತೋಳು ಹಿಡಿದೆಳೆಯಿತು. ಕಾರು ವಾಲಿ, ಎದುರಿಗೆ ಬರುತ್ತಿದ್ದ ಜೀಪಿಗೆ ಉಜ್ಜಿತು. ಯಾರಿಗೂ ಏನೂ ಆಗಲಿಲ್ಲ. ನಮ್ಮ ಒಂದು ದೀಪ ಒಡೆದು, ಮಡ್ಗಾರ್ಡು ನಗ್ಗಿತು, ಅಷ್ಟೆ. ಜೀಪಿನವರು ಹಟ ಹಿಡಿದು ಹತ್ತಿರದ ಹೊರಠಾಣೆಯ ದಫೇದಾರರನ್ನು ಕರೆಸಿದರು. ಅವರು ಸೈಕಲ್ಲಿನಲ್ಲಿ ಬಂದು, ಮೋರಿಯ ಕಟ್ಟೆ ಮೇಲೆ ಕೂತು, ಎಲ್ಲರ ಹೇಳಿಕೆ ಬರೆದು ಸಹಿ ಹಾಕಿಸಿಕೊಂಡು ಹೋದರು.

ಪರವೂರಿಗೆ ಹೋಗಿದ್ದ ಮಾವ ವಾಪಸು ಬಂದು ಕಾರು ನೋಡಿದರು. ಡ್ರೈವರ್ ತೂಕಡಿಸಿರಬೇಕು ಎಂದು ತೀರ್ಮಾನಿಸಿ, ಬೇರೆ ಕೆಲಸ ನೋಡಿಕೋ ಎಂದುಬಿಟ್ಟರು. ಅವನು ನನ್ನ ಮುಖ ನೋಡಿದ. ತಪ್ಪು ಅವನದಲ್ಲ ಎಂದು ನಾನು ಹೇಳಿದೆ. ಯಾರದೆಂದು ಹೇಳಲಿಲ್ಲ. ಆ ಕೈ ಅತ್ತೆಯದೆಂದು ನನಗೆ ಸ್ಪಷ್ಟವಾಗಿ ನೆನಪಿತ್ತು. ಗಂಡನೆದುರು ಅವರ ಮರ್ಯಾದೆ ಕಾಯುತ್ತಿದ್ದೇನೆಂಬ ಹೆಮ್ಮೆ ಬೇರೆ. ಅತ್ತೆಯ ಮುಖ ನೋಡಿದೆ. "ಎಂಗೆಂತೂ ನೆನಪಿಲ್ಲೆ ಕೂಸೆ" ಎಂದು ಅವರು ಒಳಗೆ ಹೋದರು.

"ಬಾಯಿಮಾತು ಆನು ನಂಬದಿಲ್ಲೆ" ಎಂದರು ಮಾವ. "ಪೊಲೀಸರು ಬರ್ದ ಕಾಗದ ತಗಂಡ್ ಬಾ. ಒಂದು ವಾರ ಆನು ಕಾಯ್ತಿ."

ಮರುದಿನವೇ ನಾನೂ ಡ್ರೈವರೂ ಬಸ್ಸು ಹತ್ತಿದೆವು. ಹೊರಠಾಣೆಯ ಪೇದೆ ಕಾಗದದ ಕಟ್ಟು ಬಿಚ್ಚಿ ಹಾಳೆ ಹಾಳೆ ಮಗುಚಿದ. ಅಪಘಾತದ ಹಿಂದಿನ ದಿನದ ಕೋಳಿ ಕಳವು ಇತ್ತು, ಮರುದಿನದ ಬೇಲಿ ಜಗಳ ಇತ್ತು. ನಮ್ಮ ಕಾರು ಮಾತ್ರ ಇರಲಿಲ್ಲ. ಬರೆದೇ ಇಲ್ಲವೇನೋ ಎಂದ. ದಫೇದಾರರನ್ನೇ ಕೇಳೋಣವೆಂದರೆ ಅವರು ರಜೆ ಹಾಕಿ ತೀರ್ಥಹಳ್ಳಿಯ ಮನೆಗೆ ಹೋಗಿದ್ದರು. ಮತ್ತೆ ಬಸ್ಸು. ಡ್ರೈವರನಿಗೆ ಆ ಸ್ಥಿತಿಯಲ್ಲೂ ತಮಾಷೆ: "ಹನ್ನೆರಡು ವರ್ಷ ಈ ಬಸ್ಸಿನೋರಿಗೆ ಸೈಡು ಕೊಡ್ದೆ ಸತಾಯ್ಸಿದೀನಿ. ಈಗ ಟಿಕೆಟ್ ತಗಂಡು ಕೂತಿದೀನಿ ನೋಡಿ."

ದಫೇದಾರರು ಬನಿಯನ್ನಿನಲ್ಲಿ ಜಗಲಿಯ ಮೇಲೆ ಕೂತು, ಬಟ್ಟೆಯಿಂದ ಮಿಡಿ ಒರೆಸುತ್ತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಜಾಡಿಗೆ ಉಪ್ಪು ಹಾಕುತ್ತಿದ್ದರು. ಜಗಲಿಯಿಡೀ ಆ ಜಾತಿಯ ಮಿಡಿಗೇ ಇರುವ ಜೀರಿಗೆಯ ಪರಿಮಳ. ಬಂದ ಕಾರಣ ಹೇಳುತ್ತಿದ್ದಂತೆ ಅವರ ಕೈ ನಿಂತಿತು.

"ಕೊಟ್ಬಿಡಿ ಅತ್ಲಾಗೆ" ಎಂದರು ಹೆಂಡತಿ. "ಆ ಮನುಷ್ಯನ ಅನ್ನಕ್ಕೆ ಕಲ್ಲು ಹಾಕ್ಬೇಡಿ."

ದಫೇದಾರರು ನಾಚಿಕೊಂಡು ವಿವರಿಸಿದರು. ಮಹಜರೆಂದ ಮೇಲೆ ಜಾಗದ ಗುರುತು ಸರಿಯಾಗಿ ಬರೆಯಬೇಕು. ಮೈಲಿಗಲ್ಲಿನಿಂದ ಎಷ್ಟು ಗಜ, ಹಳ್ಳದ ಯಾವ ದಂಡೆ, ಯಾವ ಮರ, ಎಲ್ಲ ಬರೆದಿದ್ದರು. "ಠಾಣೇಲಿ ಏಳು ಜನ ಇದೀವಿ. ಎಲ್ಲರ ಮನೇಲೂ ಜಾಡಿ ಇದೆ. ಇದನ್ನ ಓದಿದ್ರೆ ಮರದಲ್ಲಿ ಎಲೆನಾದ್ರೂ ಉಳೀತಿತ್ತಾ? ಮಿಡಿ ಕಾಲ ಮುಗೀಲಿ, ಆಮೇಲೆ ಠಾಣೆ ಕಟ್ಟಿನೊಳಗೆ ಸೇರ್ಸೋಣ ಅಂತಿದ್ದೆ."

ದೇವರ ಪಟದ ಹಿಂದಿನಿಂದ ಕಾಗದ ಬಂತು. ಡ್ರೈವರನಿಗೆ ಕೇಳಲೆಂದು ಗಟ್ಟಿಯಾಗಿ ಓದತೊಡಗಿದೆ. ಮೂರನೆಯ ಪ್ಯಾರಾದಲ್ಲಿತ್ತು: 'ಹಿಂಬದಿ ಸೀಟಿನಲ್ಲಿದ್ದ ಎಂ.ಎ. ಓದಿದ ಹೆಣ್ಣುಮಗಳು, ಮಿಡಿಗೊಂಚಲು ಕಂಡು ಚಾಲಕನ ತೋಳೆಳೆದದ್ದಾಗಿ ತಾನೇ ಹೇಳಿರುತ್ತಾಳೆ.' ಕೆಳಗೆ ಇಂಗ್ಲಿಷಿನಲ್ಲಿ ನನ್ನದೇ ಸಹಿ.

ನಿನಗೆ ಗೊತ್ತಿತ್ತೇ ಎಂದು ಡ್ರೈವರನನ್ನು ಕೇಳಿದೆ.

"ಎಳೆದ ತೋಳು ನಂದಲ್ವಾ ಅಮ್ಮಾ" ಎಂದ. "ನೀವೇ ಹೇಳ್ತೀರಿ ಅಂತ ಕಾದೆ. ನಾನು ಹೇಳಿದ್ರೆ ಚಾಡಿ ಆಗ್ತದೆ."

ನಾನು ಸುಳ್ಳು ಹೇಳಿರಲಿಲ್ಲ ಎಂದು ಈಗಲೂ ವಾದಿಸುತ್ತೇನೆ. ಹಸಿರು ಬಳೆ ಇವತ್ತಿಗೂ ಕಣ್ಣಮುಂದಿದೆ. ಆದರೆ ಆ ದಿನ ನಾನು ಬಳೆ ತೊಟ್ಟಿರಲಿಲ್ಲವೆಂದು ಪ್ರಮಾಣ ಮಾಡಲಾರೆ. ಅತ್ತೆಗೆ ನೆನಪಿಲ್ಲದೆ ಹೋದದ್ದು ನನ್ನ ಸಲುವಾಗಿ ಎಂಬುದಂತೂ ಆ ಜಗಲಿಯಲ್ಲೇ ಹೊಳೆಯಿತು.

ದಫೇದಾರರು ಮಾವನಿಗೆ ತೋರಿಸಲು ನಕಲು ಬರೆಯಲು ಕೂತರು. ಜಾಗ ಬಂದಾಗ 'ರಸ್ತೆಯ ಒಂದು ತಿರುವಿನಲ್ಲಿ' ಎಂದಷ್ಟೇ ಬರೆದರು. ಮೂರನೆಯ ಪ್ಯಾರಾಕ್ಕೆ ಬಂದು ತಲೆಯೆತ್ತಿದರು. "ಹಿಂದೆ ಕೂತಿದ್ದ ಹೆಂಗಸು ಅಂತ ಹಾಕ್ಲಾ? ಎಂ.ಎ. ಬೇಡ?"

ಹಾಗೆ ಬರೆದರೆ ಡ್ರೈವರ್ ಉಳಿಯುತ್ತಿದ್ದ, ಮಾವ ಅತ್ತೆಯ ಕಡೆ ನೋಡುತ್ತಿದ್ದರು. ಎಷ್ಟು ಹೊತ್ತು ಯೋಚಿಸಿದೆನೋ. ತಕ್ಷಣ ಹೇಳಿದೆ ಎಂದು ಬರೆಯಲು ಆಸೆಯಾಗುತ್ತದೆ. ಇದ್ದದ್ದು ಇದ್ದ ಹಾಗೆ ಬರೆಯಿರಿ ಎಂದೆ, ಅಷ್ಟು ನಿಜ.

ಮಾವ ಕಾಗದವನ್ನು ಎರಡು ಸಲ ಓದಿದರು. ನನ್ನ ಕಡೆ ಒಮ್ಮೆ ನೋಡಿ, ಡ್ರೈವರನಿಗೆ, "ನಾಳೆ ವರದಮೂಲಕ್ಕೆ ಹೋಗ್ಬೇಕು. ಗಾಡಿ ತೊಳ್ದಿಡು" ಎಂದರು. ಅವನು ತಲೆಯಾಡಿಸಿದನಾದರೂ ಹೋಗಲಿಲ್ಲ.

"ಈ ಅಮ್ಮ ಬರೋದಾದ್ರೆ ಮುಂದಿನ ಸೀಟಲ್ಲಿ ಕೂರ್ಲಿ" ಎಂದು ನನ್ನನ್ನು ತೋರಿಸಿದ. "ಕೈ ಎಲ್ಲಿದೆ ಅಂತ ನಂಗೆ ಕಾಣ್ತಿರ್ಬೇಕು."

ಒಳಗಿನಿಂದ ಅತ್ತೆ ನಕ್ಕದ್ದು ಕೇಳಿಸಿತು, ಆಮೇಲೆ ಮಾವನೂ ನಕ್ಕರು. ಮರುದಿನ ಅವರಿಬ್ಬರೂ ಹಿಂದೆ ಕೂತರು. ನಾನು ಮುಂದೆ ಕೂತು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ವರದಮೂಲಕ್ಕೆ ಹೋಗಿಬಂದೆ.