ಡ್ರಮ್ಮಿಲ್ಲದ ನಲವತ್ತು ವರ್ಷ

ಅಸಹ್ಯ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಬಾಯಿ ತೆರೆಯುವುದಿಲ್ಲ, ಆ ಆಲ್ಬಮ್ಮಿನ ಹೊದಿಕೆ ತೆಗೆದು ಕೈಗೆ ಕೊಡುತ್ತೇನೆ. ಇಬ್ಬರು ಮುದುಕರು. ಒಬ್ಬನ ತಲೆಯ ಮೇಲೆ ಭುಜದ ಕೆಳಗಿಳಿಯುವ ಕಪ್ಪು ವಿಗ್ಗು, ಅಂಗಿಯ ಗುಂಡಿಗಳೆಲ್ಲ ಬಿಚ್ಚಿ ನರೆತ ಎದೆ ತೋರಿಸಿಕೊಂಡು ನಿಂತಿದ್ದಾನೆ. ಇನ್ನೊಬ್ಬ ನಾಲಿಗೆ ಚಾಚಿದ್ದಾನೆ. ಮೊಮ್ಮಕ್ಕಳನ್ನು ಕಂಡವನು ನಾಲಿಗೆ ಚಾಚುವುದೆಂದರೇನು! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುತ್ತಾರೆ, ಇವರಿಗೆ ಜುಟ್ಟೂ ಇಲ್ಲ. ಅವರಿಬ್ಬರ ಹಿಂದೆ ಬರೀ ಹೊಗೆ. ಹೊಗೆಯೊಳಗೆ ಕೋಟು ನೇತುಹಾಕಿದ ಗೂಟದ ಹಾಗೆ ಒಂದು ಮಸುಕು ಆಕಾರ. ಅದು ನನ್ನ ತಮ್ಮ. ಮೇಲೆ ದಪ್ಪ ಅಕ್ಷರದಲ್ಲಿ 'ನಲವತ್ತು ವರ್ಷದ ಗುಡುಗು' ಎಂದು ಬರೆದಿದೆ.

ನನ್ನದು ಸೋಫಾ, ಹಾಸಿಗೆ ಹೊಲಿಯುವ ಅಂಗಡಿ. ಅಪ್ಪ ಕಾಯಿಲೆ ಬಿದ್ದಾಗ ಅವನ ದಬ್ಬಣ ನನ್ನ ಕೈಗೆ ಬಂತು, ತಮ್ಮನನ್ನು ಬೆಳೆಸುವ ಭಾರವೂ ಅದರ ಜೊತೆಗೇ ಬಂತು. ಹಿಂದಿನ ಕೋಣೆಯಲ್ಲಿ ಸೂರು ಮುಟ್ಟುವ ಹಾಗೆ ಹಾಸಿಗೆ ಪೇರಿಸಿಟ್ಟಿದ್ದರಿಂದ ಅಲ್ಲಿ ಎಷ್ಟು ಅರಚಿಕೊಂಡರೂ ಬೀದಿಗೆ ಕೇಳಿಸುತ್ತಿರಲಿಲ್ಲ. ಅದೊಂದೇ ಕಾರಣಕ್ಕೆ ತಮ್ಮನೂ ಅವನ ಗೆಳೆಯರು ಮೂವರೂ ಬ್ಯಾಂಡು ಕಟ್ಟಿಕೊಂಡು ವರ್ಷಗಟ್ಟಲೆ ಅಲ್ಲಿ ಬಿಡಾರ ಹೂಡಿದರು, ತಮ್ಮನದು ಡ್ರಮ್ಮು. ಹಾಡುವವನಿಗೆ ಆ ಕಾಲದಲ್ಲಿದ್ದ ಕೂದಲಿನಿಂದಾಗಿ ಸಿಂಹ ಎಂಬ ಹೆಸರು ಬಿದ್ದಿತ್ತು. ಗಿಟಾರಿನವನು ಉದ್ದಣ್ಣ. ಬೇಸ್ ಗಿಟಾರ್ ನುಡಿಸುವ ನಾಲ್ಕನೆಯವನೊಬ್ಬನೇ ಕಾಲು ಒರೆಸಿಕೊಂಡು ಒಳಗೆ ಬರುತ್ತಿದ್ದವನು, ಅವನೂ ಬೇಗ ಸತ್ತುಹೋದ. ಉಳಿದಿಬ್ಬರು ನನ್ನ ಹೊಸ ದಿಂಬುಗಳಿಗೆ ಬೆವರು ಒರೆಸುವವರು, ಹತ್ತಿಯ ರಾಶಿಯ ಪಕ್ಕದಲ್ಲೇ ಸಿಗರೇಟು ಹಚ್ಚುವವರು. ಅವರು ಎದ್ದು ಹೋದ ಮೇಲೆ ಆ ಕೋಣೆಯ ನಾತ ಹೋಗಲು ಎರಡೂ ಕಿಟಕಿ ತೆರೆದಿಡಬೇಕಿತ್ತು. ತಮ್ಮನ ಮುಖ ನೋಡಿ ಸಹಿಸಿಕೊಂಡೆ.

ತಮ್ಮನಿಗೆ ನೀರಿನ ಇಲಾಖೆಯಲ್ಲಿ ಕೆಲಸ. ನೆಲದಡಿಯ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಕಂಡುಹಿಡಿಯಬೇಕು. ಒಂದು ಕಬ್ಬಿಣದ ಕೋಲು, ಅದರ ಮೇಲ್ತುದಿಗೆ ಬಟ್ಟಲಿನಂಥದೊಂದು. ಕೋಲನ್ನು ರಸ್ತೆಗೆ ಊರಿ, ಬಟ್ಟಲಿಗೆ ಕಿವಿಯಿಟ್ಟು ನಿಲ್ಲುತ್ತಾನೆ. ಕೆಳಗೆ ಎಲ್ಲೋ ಸ್ಸ್ ಎನ್ನುತ್ತದಂತೆ. ಅಲ್ಲಿ ಸೀಮೆಸುಣ್ಣದಿಂದ ಒಂದು ಸುತ್ತು ಬರೆಯುತ್ತಾನೆ, ಅಗೆಯುವವರು ಬಂದು ಅಗೆಯುತ್ತಾರೆ. ಕಿವಿ ಹೋದರೆ ಅವನ ಅನ್ನ ಹೋಯಿತು. ಅದಕ್ಕೇ ಅವನು ಡ್ರಮ್ಮಿನ ಮುಂದೆ ಕೂರುವ ಮೊದಲು ನಾನು ಅವನ ಎರಡೂ ಕಿವಿಗೆ ಹತ್ತಿ ತುರುಕಿ, ಮೇಲೆ ಹತ್ತಿ ತುಂಬಿ ಹೊಲಿದ ಪಟ್ಟಿಯೊಂದನ್ನು ಬಿಗಿದು ಕಟ್ಟುತ್ತಿದ್ದೆ.

"ಅಯ್ಯಯ್ಯೋ, ಗಾಳಿ ತಾಗೀತು! ನೋಡ್ರೋ ನಮ್ಮ ಬಾಣಂತಿನಾ!" ಎಂದು ಸಿಂಹ ನಕ್ಕಿದ್ದೇ ತಡ, ಅದೇ ತಮ್ಮನ ಹೆಸರಾಯಿತು. ಆಮೇಲೆ ಅವನನ್ನು ಬೇರೆ ಹೆಸರಿನಿಂದ ಅವರ್ಯಾರೂ ಕರೆಯಲಿಲ್ಲ. ತಮ್ಮನೂ ನಗುತ್ತಿದ್ದ. ಅವನು ಹಾಗೆ ನಗುವುದೇ ನನಗೆ ಆಗುತ್ತಿರಲಿಲ್ಲ.

ಆ ಹಾಡುಗಳು ನನಗೆ ಹಿಡಿಸಿದವೆಂದು ಸುಳ್ಳು ಹೇಳಲಾರೆ. ಮುಕ್ಕಾಲು ಪಾಲು ಅರಚಾಟ. ಆದರೆ ತಮ್ಮನ ಕಾಲು ನನಗೆ ಗೊತ್ತಿತ್ತು. ದೊಡ್ಡ ಡ್ರಮ್ಮಿಗೆ ಅವನು ಒದೆಯುವ ಪೆಟ್ಟು ಬೀಳಬೇಕಾದ ಗಳಿಗೆಗಿಂತ ಕೂದಲೆಳೆಯಷ್ಟು ತಡವಾಗಿ ಬೀಳುತ್ತಿತ್ತು. ಇನ್ನು ಬೀಳುವುದೇ ಇಲ್ಲವೇನೋ ಅನ್ನಿಸುವಾಗ ಬೀಳುತ್ತಿತ್ತು. ಕೇಳುತ್ತಾ ನಿಂತವರು ತಮಗೇ ತಿಳಿಯದೆ ಮುಂದಕ್ಕೆ ಬಾಗುತ್ತಿದ್ದರು. ಮುಂದಿನ ಕೋಣೆಯಲ್ಲಿ ನಾನೂ ಹೊಲಿಗೆ ಯಂತ್ರವನ್ನು ಅದೇ ಲೆಕ್ಕಕ್ಕೆ ತುಳಿಯುತ್ತಿದ್ದೆ. ಕ್ರೀಡಾಂಗಣಗಳು ತುಂಬಿದವು, ಗೋಡೆಗಳ ಮೇಲೆ ಸಿಂಹನ ಚಿತ್ರ ಬಂತು. ತಮ್ಮ ರಜೆ ಹಾಕಿ ಹೋಗುತ್ತಿದ್ದ, ಹಿಂದೆ ಕೂತು ಬಾರಿಸುತ್ತಿದ್ದ, ಸೋಮವಾರ ಬೆಳಿಗ್ಗೆ ಕೋಲು ಹಿಡಿದು ರಸ್ತೆಯಲ್ಲಿರುತ್ತಿದ್ದ.

ಹೀಗೇ ಮುದುಕರಾದರು. ಕಿವಿಯ ಪಕ್ಕದಲ್ಲೇ ಜೀವಮಾನವಿಡೀ ಸ್ಪೀಕರು ಇಟ್ಟುಕೊಂಡವರ ಗತಿ ಏನಾಗಬೇಕೋ ಅದೇ ಆಯಿತು. ಸಿಂಹನಿಗೂ ಉದ್ದಣ್ಣನಿಗೂ ಡ್ರಮ್ಮಿನಂಥ ದಪ್ಪ ಸದ್ದು ಕೇಳಿಸುತ್ತದೆ. ಕರೆಗಂಟೆ, ಹಕ್ಕಿ, ಮಗುವಿನ ಕೂಗು, ಗಿಟಾರಿನ ಸಣ್ಣ ತಂತಿ ಕೇಳಿಸುವುದಿಲ್ಲ. ಒಪ್ಪಿಕೊಳ್ಳುತ್ತಾರೆಯೇ? ಛೆ, ಮರ್ಯಾದೆ ಪ್ರಶ್ನೆ! ಎಲ್ಲರೂ ಗೊಣಗುತ್ತಾರೆ ಎಂದು ಲೋಕವನ್ನೇ ಬೈಯುತ್ತಾರೆ. "ಇಷ್ಟು ವರ್ಷ ಬೈದದ್ದೆಲ್ಲಾ ದಂಡ ಆಯ್ತಲ್ಲಾ" ಎಂದು ಸಿಂಹನ ಹೆಂಡತಿ ಒಮ್ಮೆ ನನ್ನ ಹತ್ತಿರ ಅತ್ತುಕೊಂಡಿದ್ದಳು.

ಆಗ ಕಂಪನಿಯವರು ಬಂದರು. ನಲವತ್ತು ವರ್ಷದ ಹಾಡುಗಳಲ್ಲಿ ಒಳ್ಳೆಯವನ್ನು ಆರಿಸಿ ಒಂದು ದೊಡ್ಡ ಆಲ್ಬಮ್ ಮಾಡೋಣ, ಹಳೆಯ ಟೇಪುಗಳನ್ನು ಹಸನು ಮಾಡಿ, ಯಾವ ವಾದ್ಯ ಎಷ್ಟು ಜೋರಾಗಿರಬೇಕೆಂದು ಬ್ಯಾಂಡಿನವರೇ ಕೂತು ಹೇಳಲಿ ಎಂದರು. ಇದು ಹೊರಬಂದ ದಿನವೇ ಹಳೆಯ ರೆಕಾರ್ಡುಗಳ ಮಾರಾಟ ನಿಲ್ಲುತ್ತದೆ. ಅಂಗಡಿಯಲ್ಲಾಗಲಿ ಫೋನಿನಲ್ಲಾಗಲಿ ಇನ್ನು ಮುಂದೆ ಸಿಗುವುದು ಇದೊಂದೇ. ನನ್ನ ತಮ್ಮ ಯಾವತ್ತೂ ಏನನ್ನೂ ಬೇಕೆಂದು ಕೇಳಿದವನಲ್ಲ. ಇದು ಬೇಕು ಎಂದ. ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, ನಾಚಿಕೊಂಡು ಹೇಳಿದ.

"ಅಕ್ಕ, ನಾನು ಹೋದ ಮೇಲೂ ನನ್ನ ಕಾಲು ಬಾರಿಸ್ತಾನೇ ಇರುತ್ತಲ್ಲ, ಅಷ್ಟು ಸಾಕು."

ಸ್ಟುಡಿಯೋದಲ್ಲಿ ಕೊನೆಯ ದಿನ ನಾನೂ ಇದ್ದೆ. ಅಲ್ಲಿನ ಸೋಫಾ ಹರಿದಿತ್ತು, ಅಳತೆ ತೆಗೆದುಕೊಳ್ಳಲು ಹೋಗಿದ್ದೆ. ಸೋಫಾದ ಸಂದಿಗೆ ಕೈ ಹಾಕಿದರೆ ಬಾಚಣಿಗೆ, ಕತ್ತರಿಸಿದ ಉಗುರು, ಕಚ್ಚಿ ಬಿಟ್ಟ ಬ್ರೆಡ್ಡು. ಗುಂಡಿಗಳ ಮೇಜಿನ ಮುಂದೆ ಕೂತ ಸ್ಟುಡಿಯೋದವನು ಎರಡೂ ಕಿವಿಗೆ ರಬ್ಬರಿನ ಬಿರಡೆ ಹಾಕಿಕೊಂಡಿದ್ದ. ಅವನ ಹಿಂದೆ ಆ ಇಬ್ಬರು ಮಹಾರಾಯರು, ಪಕ್ಕದ ಗೋಡೆಗೆ ಒರಗಿ ತಮ್ಮ.

"ಗಿಟಾರ್ ಎಲ್ಲಪ್ಪಾ? ಕಂಬಳಿ ಹೊದ್ಕೊಂಡು ಮಲಗಿದ್ಯಾ? ಏರಿಸು!" ಎಂದ ಉದ್ದಣ್ಣ.

"ನನ್ನ ಗಂಟಲಿನ ಮೊನೆ ಬರ್ತಿಲ್ಲ, ಇನ್ನೂ ಏರಿಸು," ಎಂದ ಸಿಂಹ.

"ಈ ಡ್ರಮ್ಮು ಎಲ್ಲಾನೂ ನುಂಗ್ತಿದೆ ಕಣಯ್ಯಾ. ಇಳಿಸು. ಇನ್ನೂ ಇಳಿಸು," ಎಂದರು ಇಬ್ಬರೂ.

ಸ್ಟುಡಿಯೋದವನು ಏರಿಸಿದ, ಇಳಿಸಿದ. ತಗಡಿನ ಮೇಲೆ ಮೊಳೆ ಎಳೆದ ಹಾಗೆ ಸದ್ದು ಬಂದು ನನ್ನ ಹಲ್ಲು ಜುಮ್ಮೆಂದಿತು. ತಮ್ಮನ ಕಾಲು ಮೊದಲು ಸಣ್ಣದಾಯಿತು, ಆಮೇಲೆ ಯಾರೋ ಪಕ್ಕದ ಮನೆಯಲ್ಲಿ ಬಾಗಿಲು ತಟ್ಟಿದಷ್ಟಾಯಿತು, ಆಮೇಲೆ ಅದೂ ಇಲ್ಲ. ಕಿವುಡರಿಬ್ಬರು ತಮ್ಮ ಕಿವಿಗೆ ಬೇಕಾದ ಹಾಗೆ ಲೋಕಕ್ಕೆಲ್ಲ ಅಡುಗೆ ಮಾಡುತ್ತಿದ್ದರು. ನಾನು ಸ್ಟುಡಿಯೋದವನ ಭುಜ ತಟ್ಟಿದೆ. "ಏನಪ್ಪಾ ಇದು, ನಿನಗಾದ್ರೂ ಕೇಳ್ಸಲ್ವಾ?" ಎಂದೆ. ಅವನು ಒಂದು ಬಿರಡೆ ಕಿತ್ತು, "ಅವರ ಹಾಡು, ಅವರ ಕಿವಿ. ನಡುವೆ ನಾನ್ಯಾರಮ್ಮಾ?" ಎಂದು ಮತ್ತೆ ಹಾಕಿಕೊಂಡ.

ಅಷ್ಟರಲ್ಲಿ ಅವರ ಅತಿ ಪ್ರಸಿದ್ಧ ಹಾಡು ಬಂತು. ಸಿಂಹ ಎತ್ತರದ ಸ್ವರಕ್ಕೆ ಏರುವ ಕಡೆ ಹಿಂದೆ ಜನ ಮೂರ್ಛೆ ಹೋಗುತ್ತಿದ್ದರಂತೆ. ಈಗ ನನಗೆ ವಾಂತಿ ಬರುವುದೊಂದು ಬಾಕಿ. ಸಿಂಹ ಮಾತ್ರ ಎದ್ದು ನಿಂತ. ಕಣ್ಣಲ್ಲಿ ನೀರು ಧಾರಾಕಾರ. "ಬಂತು! ಬಂತು ಕಣ್ರೋ! ಇದು ನಾನೇ!" ಎಂದು ಮಗುವಿನ ಹಾಗೆ ಅತ್ತ.

"ಏನೋ ಬಾಣಂತಿ, ಹೇಗಿದೆ?" ಎಂದು ಉದ್ದಣ್ಣ ಕೂಗಿ ಕೇಳಿದ.

ಎಲ್ಲರೂ ತಮ್ಮನ ಕಡೆ ತಿರುಗಿದರು. ಆ ಕೋಣೆಯಲ್ಲಿ ಸರಿಯಾದ ಕಿವಿ ಇದ್ದ ಬ್ಯಾಂಡಿನವನು ಅವನೊಬ್ಬನೇ. ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು, ಕಂಪನಿಯವನೂ ಅಲ್ಲೇ ಇದ್ದ. ತಮ್ಮ ನನ್ನ ಕಡೆ ನೋಡಲೂ ಇಲ್ಲ.

"ಚೆನ್ನಾಗಿದೆ," ಎಂದ.

ಬಸ್ಸಿನಲ್ಲಿ ನಾನು ಅವನ ಚಳಿ ಬಿಡಿಸಿದೆ. "ಏನೋ ಚೆನ್ನಾಗಿರೋದು? ನಿನ್ನ ಕಾಲೇ ಇಲ್ವಲ್ಲೋ ಅದರಲ್ಲಿ!"

"ಗೊತ್ತು."

"ಗೊತ್ತಿದ್ದೂ ಬಾಯಲ್ಲಿ ಕಡುಬು ಇಟ್ಕೊಂಡಿದ್ಯಾ?"

"ಸಿಂಹನಿಗೆ ಅವನ ದನಿ ಕೇಳಿಸ್ತಲ್ಲ ಅಕ್ಕ."

"ಅವನಿಗೆ ಕೇಳಿಸಿದ್ರೆ ನಿನ್ನ ಹೊಟ್ಟೆ ತುಂಬುತ್ತಾ? ಥೂ, ನಿನ್ನ ಜನ್ಮಕ್ಕೆ!" ಎಂದೆ. ಪಕ್ಕದ ಸೀಟಿನವರು ತಿರುಗಿ ನೋಡಿದರು. ಅವನು ಕಿಟಕಿಯ ಹೊರಗೆ ನೋಡುತ್ತಾ ಕೂತ. ಸಿಂಹನ ಮೇಲಿದ್ದ ಅಸಹ್ಯವೆಲ್ಲ ಆ ಹೊತ್ತಿನಲ್ಲಿ ತಮ್ಮನ ಮೇಲೆ ತಿರುಗಿತು. ಬೆನ್ನುಮೂಳೆ ಇಲ್ಲದವರನ್ನು ಕಂಡರೆ ನನಗೆ ಯಾವತ್ತೂ ಆಗುವುದಿಲ್ಲ, ಒಡಹುಟ್ಟಿದವನಾದರೂ ಅಷ್ಟೇ.

ಆಲ್ಬಮ್ ಹೊರಬಂತು. ಕೊಂಡವರು ತಲೆನೋವು ಎಂದು ಅಂಗಡಿಗೆ ವಾಪಸು ತಂದುಕೊಟ್ಟರು. ಪತ್ರಿಕೆಯಲ್ಲಿ ಯಾವನೋ ಇದನ್ನೆಲ್ಲ ಈಗ ಹೊಸದಾಗಿ ಬಾರಿಸಿದ್ದೆಂದುಕೊಂಡು ಬರೆದ: ಗಾಯಕ, ಗಿಟಾರ್ ವಾದಕ ಈ ವಯಸ್ಸಿನಲ್ಲೂ ಹಟ ಬಿಟ್ಟಿಲ್ಲ, ಆದರೆ ಡ್ರಮ್ಮರ್ ಪೂರಾ ಸೋತಿದ್ದಾನೆ, ಅವನ ಕೈಕಾಲಿನಲ್ಲಿ ಬಲವೇ ಉಳಿದಿಲ್ಲ, ಅದಕ್ಕೇ ಎಲ್ಲವೂ ಬರಿ ಕಿರುಚಾಟವಾಗಿದೆ. ಸೋತದ್ದಂತೆ! ಅದು ಇಪ್ಪತ್ತು ಚಿಲ್ಲರೆ ವಯಸ್ಸಿನ ಹುಡುಗ ಬಾರಿಸಿದ್ದು, ಮೈಯಲ್ಲಿ ಬೆಂಕಿ ಇದ್ದಾಗ ಬಾರಿಸಿದ್ದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ನೆಲವನ್ನೇ ಕಿತ್ತುಹಾಕಿ ಕುಣಿಯಲು ಹೊರಟಿದ್ದರು.

ಉದ್ದಣ್ಣನ ಫೋನು ಬಂದಾಗ ತಮ್ಮ ನನ್ನ ಅಂಗಡಿಯಲ್ಲೇ ಇದ್ದ. ಆ ಕಡೆಯ ಅರಚಾಟ ನನಗೂ ಕೇಳಿಸಿತು.

"ಬಾಣಂತೀ, ಬೇಜಾರ್ ಮಾಡ್ಕೋಬೇಡಪ್ಪಾ! ಜನ ಎಲ್ಲಾ ಅದೇ ಅಂತಿದ್ದಾರೆ. ಈ ಸಲ ಊರೂರು ತಿರುಗಿ ಪ್ರೋಗ್ರಾಂ ಕೊಡೋವಾಗ ಡ್ರಮ್ಮಿಗೆ ನನ್ನ ಅಳಿಯ ಕೂತ್ಕೊಳ್ಲಿ. ನೀನು ರೆಸ್ಟ್ ತಗೋ!"

"ಆಯ್ತು," ಎಂದ ತಮ್ಮ.

"ಏನಂದೆ?"

"ಆಯ್ತು!" ಎಂದು ಅವನು ಕೂಗಿ ಹೇಳಬೇಕಾಯಿತು. ತನ್ನನ್ನು ತೆಗೆದುಹಾಕಿದ್ದಕ್ಕೆ ತಾನೇ ಎರಡೆರಡು ಸಲ ಒಪ್ಪಿಗೆ ಕೊಟ್ಟ.

ಅದೇ ವಾರ ಸಿಂಹ ನನ್ನ ಅಂಗಡಿಗೆ ಬಂದ. ಕಂಕುಳಲ್ಲಿ ಚರ್ಮದ ಪ್ಯಾಂಟು. ಸೊಂಟದಲ್ಲಿ ಹಿಗ್ಗಿಸಬೇಕಂತೆ. ಮೇಜಿನ ಮೇಲೆ ಹರಡಿದ್ದೇ ಒಳಗಿನಿಂದ ಹಳೇ ಬೆವರು, ಅತ್ತರು, ಮುಗ್ಗಲು ಎಲ್ಲ ಸೇರಿ ಮೂಗಿಗೆ ಬಡಿಯಿತು. ನಾನು ಬೆರಳ ತುದಿಯಲ್ಲಿ ಅದನ್ನು ಪಕ್ಕಕ್ಕೆ ಸರಿಸಿ, ಅವನ ಎದುರಿಗೆ ನಿಂತು, ತುಟಿ ಕಾಣುವ ಹಾಗೆ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದೆ. ಅವನ ಕಿವಿ ಹೋಗಿದೆ, ಉದ್ದಣ್ಣನ ಕಿವಿ ಹೋಗಿದೆ, ನನ್ನ ತಮ್ಮನ ಕಾಲಿಗೆ ಏನೂ ಆಗಿಲ್ಲ, ಅದನ್ನು ಅಳಿಸಿದವರು ಇವರಿಬ್ಬರೇ ಎಂದೆ. ಮೊದಲು ಅವನು ನಕ್ಕ. ಆಮೇಲೆ ನಗು ನಿಂತಿತು. ತುಂಬದೆ ಬಿಟ್ಟಿದ್ದ ಸೋಫಾದ ಅಂಚಿಗೆ ಕೂತು, ವಿಗ್ಗು ತೆಗೆದು ತಲೆ ಕೆರೆದುಕೊಂಡ.

"ಮತ್ತೆ ಅವನ್ಯಾಕೆ ಹೇಳ್ಲಿಲ್ಲ?"

"ನೀನು ಅತ್ಬಿಟ್ಟೆಯಲ್ಲ, ಅದಕ್ಕೆ."

ತೆಗೆದ ವಿಗ್ಗನ್ನು ಮೊಣಕಾಲ ಮೇಲಿಟ್ಟು ಬೆರಳಲ್ಲಿ ಬಾಚಿದ. ಈಗ ಏಳುತ್ತಾನೆ, ತಮ್ಮನ ಮನೆಗೆ ಹೋಗುತ್ತಾನೆ, ಕಂಪನಿಗೆ ಫೋನು ಮಾಡುತ್ತಾನೆ ಎಂದುಕೊಂಡೆ. ಎಷ್ಟೆಂದರೂ ನಲವತ್ತು ವರ್ಷದ ಸ್ನೇಹವಲ್ಲವೇ.

"ಸರಿ ಮಾಡಿಸಿದ್ರೆ ನಂಗೆ ಮತ್ತೆ ಕೇಳ್ಸಲ್ಲ, ಅಲ್ವಾ?" ಎಂದ.

ನಾನು ಹೌದೆಂದು ತಲೆಯಾಡಿಸಿದೆ.

"ಹಾಗಾದ್ರೆ ಹೀಗೇ ಇರ್ಲಿ ಬಿಡಮ್ಮ." ವಿಗ್ಗು ಹಾಕಿಕೊಂಡ, ನನ್ನ ಕನ್ನಡಿಯಲ್ಲೇ ಸರಿ ಮಾಡಿಕೊಂಡ. "ಪ್ಯಾಂಟು ಶುಕ್ರವಾರಕ್ಕೆ ಬೇಕಾಗುತ್ತೆ," ಎಂದು ಹೊರಟ. ಉಂಡೂ ಹೋದ, ಕೊಂಡೂ ಹೋದ. ಎಷ್ಟೋ ಶುಕ್ರವಾರ ಕಳೆದವು, ಆ ಪ್ಯಾಂಟು ಅಲ್ಲೇ ಮೂಲೆಯಲ್ಲಿ ಬಿದ್ದಿದೆ. ಬೇಕಾದವರು ಬಂದು ಎತ್ತಿಕೊಂಡು ಹೋಗಲಿ, ನಾನು ಮುಟ್ಟುವುದಿಲ್ಲ.

ಸಿಂಹ ಬಂದುಹೋದ ದಿನವೇ ಅಂಗಡಿಗೆ ಬೀಗ ಹಾಕಿ ನೇರವಾಗಿ ತಮ್ಮ ಕೆಲಸ ಮಾಡುತ್ತಿದ್ದ ಬೀದಿಗೆ ಹೋದೆ. ಎರಡು ಮನೆಗಳ ನಡುವಿನ ಇಕ್ಕಟ್ಟಿನ ದಾರಿ, ಕಟ್ಟಿಕೊಂಡ ಚರಂಡಿ, ಮೂಗು ಬಿಡುವ ಹಾಗಿಲ್ಲ. ಅವನು ಕೋಲಿಗೆ ಕಿವಿಯಿಟ್ಟು, ನನಗೆ ಸುಮ್ಮನಿರು ಎಂದು ಕೈ ಮಾಡಿದ. ಕೆಳಗಿನ ಸೋರಿಕೆ ಸಿಕ್ಕ ಮೇಲೆ ಸೀಮೆಸುಣ್ಣದ ಸುತ್ತು ಬರೆದು ಎದ್ದ. ಸಿಂಹ ಹೇಳಿದ್ದನ್ನೆಲ್ಲ ಒಂದು ಮಾತೂ ಬಿಡದೆ ಒಪ್ಪಿಸಿದೆ.

"ಕೇಳಿದ್ಯಲ್ಲ? ಇಂಥವನಿಗೋಸ್ಕರ ಬಾಯಿ ಮುಚ್ಕೊಂಡ್ಯಲ್ಲೋ, ಇಂಥವನಿಗೆ!"

ಅವನು ಬೆರಳಿನ ಸುಣ್ಣ ಒರೆಸಿಕೊಂಡ. "ಡ್ರಮ್ಮಿನವನು ಹಿಂದೆ ಕೂತಿರ್ತಾನಲ್ಲ ಅಕ್ಕ. ಇಷ್ಟು ವರ್ಷ ಅವನು ಹಾಡ್ತಾ ಇದ್ರೆ ನಾನು ನೋಡಿದ್ದು ಅವನ ಬೆನ್ನು ಮಾತ್ರ. ಆವತ್ತು ಮೊದಲ್ನೇ ಸಲ ಮುಖ ನೋಡ್ದೆ."

"ಏನಿತ್ತೋ ಆ ಮುಖದಲ್ಲಿ, ಬಂಗಾರನಾ?"

"ಹೆದರಿದ್ದ. ಆ ಸ್ವರ ಬರೋವರೆಗೂ ಗಡಗಡ ನಡುಗ್ತಿದ್ದ. ಯಾವಾಗ್ಲೂ ಹಾಗೇ ಹೆದರ್ಕೊಂಡೇ ಹಾಡ್ತಿದ್ನೋ ಏನೋ, ನಂಗೆ ಗೊತ್ತೇ ಇರ್ಲಿಲ್ಲ. ಕೇಳಿಸಿದ ತಕ್ಷಣ ಆ ಹೆದರಿಕೆ ಹೋಯ್ತು. ನಾನು ಬಾಯಿ ಬಿಟ್ಟಿದ್ರೆ ಮತ್ತೆ ಬರ್ತಿತ್ತು."

ನನಗೆ ಮೈ ಉರಿದುಹೋಯಿತು. ಕರುಣೆಗೂ ಒಂದು ಹದ ಬೇಡವೇ?

"ಅವನ ಹೆದರಿಕೆ ಹೋಯ್ತು, ಸರಿ. ನಿನ್ನ ಕಾಲು? ನೀನು ಹೋದ ಮೇಲೂ ಬಾರಿಸ್ತಾ ಇರ್ಬೇಕು ಅಂದ್ಯಲ್ಲ, ಅದೆಲ್ಲೋ?"

 ಅವನು ಕೋಲನ್ನು ಮತ್ತೆ ನೆಲಕ್ಕೆ ಊರಿ, ಬಗ್ಗಿ, ಬಟ್ಟಲಿಗೆ ಕಿವಿಯಿಟ್ಟ. ಅಲ್ಲಿ ಆಗಲೇ ಸುತ್ತು ಬರೆದಾಗಿತ್ತು, ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಮುಖವನ್ನು ಆ ಕಡೆ ತಿರುಗಿಸಿಕೊಂಡಿದ್ದ. ಅಂಗಿಯೊಳಗೆ ಅವನ ಬೆನ್ನು ಅಲುಗುತ್ತಿತ್ತು.