ಕೆಂಪನಂಜಪ್ಪನ ಸೈಕಲ್ಲಿಗೆ ಸೋಮವಾರ ರಜಾ

ಮಾಂಬಳ್ಳಿಯ ಕೆಂಪನಂಜಪ್ಪನ ಮನೆಯಲ್ಲಿ ಎತ್ತು ಎರಡು, ಸೈಕಲ್ಲು ಒಂದು. ಅವನ ಲೆಕ್ಕದಲ್ಲಿ ಮೂರೂ ಎತ್ತುಗಳೇ. ಊರಿನ ಒಕ್ಕಲು ಮನೆಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಕೆಂಪನಂಜಪ್ಪ ಅಂದು ಸೈಕಲ್ಲನ್ನೂ ಹತ್ತುತ್ತಿರಲಿಲ್ಲ. ಮೈ ತೊಳೆದು, ಹ್ಯಾಂಡಲ್ಲಿಗೆ ವಿಭೂತಿ ಬಳಿದು, ಕೊಟ್ಟಿಗೆಯಲ್ಲಿ ಎತ್ತುಗಳ ಪಕ್ಕಕ್ಕೇ ನಿಲ್ಲಿಸುತ್ತಿದ್ದ. ಹುಲ್ಲು ಹಾಕುವುದೊಂದು ಬಾಕಿ. ಗಾಡಿಯ ಅಚ್ಚಿಗೆ ಹಚ್ಚುವ ಹರಳೆಣ್ಣೆಯನ್ನೇ ಚೈನಿಗೂ ಧಾರಾಳವಾಗಿ ಸುರಿಯುತ್ತಿದ್ದ. ಆ ಜಿಡ್ಡಿಗೆ ರಸ್ತೆಯ ಧೂಳೆಲ್ಲ ಮೆತ್ತಿಕೊಂಡು ಚೈನನ್ನು ಅರೆಯುತ್ತಿತ್ತು. ಇಷ್ಟು ಪ್ರೀತಿ ತಡೆದುಕೊಳ್ಳುವುದು ಕಬ್ಬಿಣಕ್ಕೂ ಕಷ್ಟವೇ.

ಕೊಳ್ಳೇಗಾಲ ಆಗ ಮದ್ರಾಸಿಗೆ ಸೇರಿತ್ತು, ಮಾಂಬಳ್ಳಿ ಮೈಸೂರಿಗೆ. ಆದರೂ ಸೈಕಲ್ಲಿಗೆ ಏನಾದರೂ ಆದರೆ ಇವನು ಓಡುತ್ತಿದ್ದುದು ಕೊಳ್ಳೇಗಾಲದ ಶಿವನಂಜಯ್ಯನ ಸೈಕಲ್ ಶಾಪಿಗೇ. ಹೋದ ವರ್ಷವೇ ಶಿವನಂಜಯ್ಯ ಪೆಡ್ಲಿನ ಹತ್ತಿರದ ದೊಡ್ಡ ಚಕ್ರದಿಂದ ಚೈನನ್ನು ಎರಡು ಬೆರಳಲ್ಲಿ ಎಳೆದು ತೋರಿಸಿದ್ದ. ಚೈನು ಮೇಲೆದ್ದು ಅರ್ಧ ಹಲ್ಲು ಬಯಲಾಗಿತ್ತು.

"ನೋಡಿ ಕೆಂಪಣ್ಣ, ಇಷ್ಟು ಎದ್ರೆ ಚೈನ್ ಸವೀತು ಅಂತ. ಈಗ್ಲೇ ಬದಲಾಯ್ಸಿದ್ರೆ ಬರೀ ಚೈನಲ್ಲಿ ಮುಗೀತದೆ. ತಡ ಮಾಡಿದ್ರೆ ಇದು ಚಕ್ರದ ಅಲ್ಲನ್ನೂ ತಿಂದಾಕ್ತದೆ."

"ಓಡ್ತಾ ಅದೆಯಲ್ಲ ಸುಮ್ಕಿರಿ," ಅಂದಿದ್ದ ಕೆಂಪನಂಜಪ್ಪ. ಅಂಗಡಿಯವನು ಸಾಮಾನು ಮಾರುವುದಕ್ಕೆ ಏನು ಬೇಕಾದರೂ ಹೇಳುತ್ತಾನೆ ಅನ್ನುವುದು ಅವನ ತಿಳಿವಳಿಕೆ. ಜೋತುಬಿದ್ದ ಚೈನಿನಿಂದ ಒಂದು ಕೊಂಡಿ ಕಿತ್ತು ಬಿಗಿಮಾಡಿಸಿಕೊಂಡು ಬಂದ. ಆಮೇಲೆ ಇನ್ನೊಂದು ಕೊಂಡಿ ಕಿತ್ತಿದ್ದೂ ಆಯಿತು.

ಈ ಸಲ ಅವನ ಹೆಂಡತಿ ಗುರುಬಸಮ್ಮ ರೇಷ್ಮೆ ಹುಳು ಸಾಕಿದ್ದಳು. ಹಿಂದೆ ಎರಡು ಸಲ ಹುಳುವೆಲ್ಲ ಸುಣ್ಣಕಟ್ಟು ರೋಗ ಬಡಿದು ತಟ್ಟೆಯಲ್ಲೇ ಸುಣ್ಣದ ಕಡ್ಡಿಯಾಗಿ ಸತ್ತಿದ್ದವು. ಅವಳ ಕೈಗುಣವೇ ಸರಿಯಿಲ್ಲ ಎಂದು ಕೇರಿಯ ಹೆಂಗಸರು ಬಾವಿಕಟ್ಟೆಯಲ್ಲಿ ತೀರ್ಮಾನಿಸಿಬಿಟ್ಟಿದ್ದರು. ಆ ಮಾತು ಅವಳಿಗೆ ಮುಳ್ಳಾಗಿ ಕೂತಿತ್ತು. ಮೂರನೆಯ ಸಲ ಹಟ ಹಿಡಿದು ಸಾಕಿದಳು. ಬುಟ್ಟಿ ತುಂಬ ಗೂಡು ಬಂತು. ನೂಲು ತೆಗೆಯುವವರಿಗೆ ಬೇಗ ಮುಟ್ಟಿಸಬೇಕು. ಒಳಗಿನ ಚಿಟ್ಟೆ ಗೂಡು ತೂತು ಮಾಡಿ ಹೊರಬಂದರೆ ಎಳೆ ತುಂಡುತುಂಡು, ಮತ್ತೆ ಅದೇ ಕೈಗುಣದ ಮಾತು.

ಸರಿಯಾಗಿ ಆ ಶನಿವಾರ ಚೈನು ಪಟ್ಟೆಂದು ಹರಿಯಿತು. ಕೆಂಪನಂಜಪ್ಪ ಬಸ್ಸು ಹತ್ತಿ ಹೋಗಿ ಹೊಸ ಚೈನು ಕೇಳಿದ.

"ಚೈನು, ಪೆಡ್ಲಿನ ಚಕ್ರ, ಹಿಂದಿನ ಫ್ರೀವೀಲು, ಮೂರೂ ತಕಳಿ," ಅಂದ ಶಿವನಂಜಯ್ಯ. "ಚೈನ್ ಒಂದೇ ಸಾಕು," ಅಂದ ಇವನು. "ಅಂಗಾದ್ರೆ ನೀವೇ ಆಕ್ಕಳಿ. ನನ್ ಕೈಲಿ ಆ ಪಾಪ ಮಾಡಿಸ್ಬೇಡಿ," ಅಂತ ಅವನು ಚೈನನ್ನು ಕಾಗದದಲ್ಲಿ ಸುತ್ತಿ ಕೊಟ್ಟ.

ಭಾನುವಾರ ಬೆಳಿಗ್ಗೆ ಬುಟ್ಟಿ ಕ್ಯಾರಿಯರ್ ಏರಿತು. ಊರಾಚೆಯ ಏರಿನಲ್ಲಿ ಕೆಂಪನಂಜಪ್ಪ ಕಾಲು ಬಿಗಿದು ತುಳಿದ. ಕಟಕ್! ಚೈನು ಹಲ್ಲು ಹಾರಿತು, ಪೆಡ್ಲು ಬುಡುಕ್ಕನೆ ತಿರುಗಿತು, ಇವನ ಮೊಣಕಾಲು ಕಂಬಿಗೆ ಬಡಿಯಿತು. ಸವೆದು ಕೊಕ್ಕೆಯಾದ ಹಳೆಯ ಹಲ್ಲುಗಳಿಗೆ ಹೊಸ ಚೈನಿನ ಸಂಗ ಹಿಡಿಸಲಿಲ್ಲ. ಬಿಗಿ ಮಾಡಿದ, ಸಡಿಲ ಮಾಡಿದ, ಹರಳೆಣ್ಣೆ ಸುರಿದ, ಕೊನೆಗೆ ಬೈದ. ಕಟಕ್, ಕಟಕ್. ಸಂಜೆಗೆ ಕುಂಟುತ್ತ ಸೈಕಲ್ಲು ತಳ್ಳಿಕೊಂಡು ಮನೆಗೆ ಬಂದ.

ಬೆಳಗಾಯಿತು, ಸೋಮವಾರ. ಗುರುಬಸಮ್ಮ ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು. "ನಾಳೀಕೆ ಚಿಟ್ಟೆ ಬತ್ತವೆ. ಗಾಡಿ ಕಟ್ರಿ."

"ಸೋಮಾರ ಗಾಡಿ ಕಟ್ಟಾರೇನೆ?"

"ಬಸ್ಸು?"

"ಮೇಲಾಕಿದ್ರೆ ಮೂಟೆಗಳ ಅಡಿಯಲ್ಲಿ ಅಪ್ಪಚ್ಚಿ ಆಯ್ತವೆ."

ಅವಳು ಗೂಡನ್ನು ಮತ್ತೆ ಬುಟ್ಟಿಗೆ ಹಾಕಿ ಬಟ್ಟೆ ಮುಚ್ಚಿದಳು. ಬೈದಿದ್ದರೆ ಕೆಂಪನಂಜಪ್ಪನಿಗೆ ಎಷ್ಟೋ ಸಲೀಸಾಗುತ್ತಿತ್ತು. ತುಸು ಹೊತ್ತು ತಲೆ ಕೆರೆದುಕೊಂಡು, ಸೈಕಲ್ಲಿನ ಚೈನನ್ನೇ ಬಿಚ್ಚಿ ಚೀಲಕ್ಕೆ ಹಾಕಿಕೊಂಡ. ನೊಗ ಬಿಚ್ಚಿದ ಎತ್ತನ್ನು ಹಿಡಿದುಕೊಂಡು ಹೋದರೆ ಅದು ದುಡಿಮೆಯಲ್ಲವಲ್ಲ! ಬುಟ್ಟಿ ಕಟ್ಟಿ, ಎರಡು ಹರದಾರಿ ದಾರಿ ತಳ್ಳಿಕೊಂಡು ಹೊರಟ. ಅವಳು ಹಿಂದಿನಿಂದ ಬುಟ್ಟಿಗೆ ಕೈ ಕೊಟ್ಟು ನಡೆದಳು. ದಾರಿಯವರು ಸೈಕಲ್ಲಿಗೆ ರಜಾ ಕೊಟ್ಟು ಯಜಮಾನನೇ ನೊಗ ಹೊತ್ತ ಎಂದು ನಕ್ಕರು.

ಕೊಳ್ಳೇಗಾಲದಲ್ಲಿ ನೂಲು ತೆಗೆಯುವ ಮುದುಕ ಒಂದು ಹಿಡಿ ಗೂಡನ್ನು ಬಿಸಿನೀರಿಗೆ ಹಾಕಿ ಎಳೆ ಹಿಡಿದ. ಎಳೆ ಬಂತು, ಬರುತ್ತಲೇ ಇತ್ತು, ತುಂಡಾಗಲಿಲ್ಲ. "ಯಾರ ಕೈಗುಣ ಇದು?" ಎಂದು ಕೇಳಿದ. ಗುರುಬಸಮ್ಮ ಸೆರಗು ಎಳೆದುಕೊಂಡು ಗೋಡೆ ನೋಡಿದಳು. "ಇವಳ್ದೇ ಕಣ್ರಿ!" ಎಂದು ಕೆಂಪನಂಜಪ್ಪ ಬೀದಿಗೆ ಕೇಳುವ ಹಾಗೆ ಕೂಗಿದ.

ಆಮೇಲೆ ಸೈಕಲ್ ಶಾಪಿನಲ್ಲಿ ಶಿವನಂಜಯ್ಯ ಎರಡೂ ಹಲ್ಲಿನ ಚಕ್ರ ಹೊಸದು ಹಾಕಿ ಚೈನು ಏರಿಸಿದ. ಹಳೆಯ ಚಕ್ರವನ್ನು ಕೆಂಪನಂಜಪ್ಪನ ಅಂಗೈಗೆ ಇಟ್ಟು, "ಬಡಕಲೆತ್ತಿನ ಜೊತೆ ಒಸ ಎತ್ತು ಕಟ್ತೀರಾ ಕೆಂಪಣ್ಣ?" ಎಂದಷ್ಟೇ ಕೇಳಿದ. ಈ ಭಾಷೆ ಮಾತ್ರ ಕೆಂಪನಂಜಪ್ಪನಿಗೆ ತಟ್ಟನೆ ಅರ್ಥವಾಯಿತು. ಮುಂದೆ ಊರಿನಲ್ಲಿ ಯಾರ ಸೈಕಲ್ಲು ಕಂಡರೂ ಕೇಳದೆಯೇ ಚೈನು ಎಳೆದು ನೋಡಿ ಬುದ್ಧಿ ಹೇಳುವ ಚಾಳಿ ಅವನಿಗೆ ಅಂಟಿಕೊಂಡಿತು.

ಆದರೆ ಅಂದು ವಾಪಸು ಹೊರಟಾಗಲೂ ಅವನು ಫಳಫಳಿಸುವ ಸೈಕಲ್ಲನ್ನು ತಳ್ಳಿಕೊಂಡೇ ನಡೆದ.

"ಅತ್ಬಾರ್ದಾ?" ಅಂದಳು ಗುರುಬಸಮ್ಮ.

"ಸೋಮಾರ ಕಣೆ. ಅದ್ಕೆ ರಜಾ."

ಅವಳು ಹುಣಸೆಮರದ ಕೆಳಗೆ ನಿಂತು ಅಂಗಾಲಿನ ಮುಳ್ಳು ತೆಗೆದಳು. ತಲೆ ಎತ್ತದೆಯೇ ಹೇಳಿದಳು: "ಇಪ್ಪತ್ತೆಂಟು ದಿನ ಉಳುಗಳ್ಗೆ ಸೊಪ್ಪಾಕಿದೆ. ನಾಕು ಸೋಮಾರ ಬಂದು ಓದೊ. ನನ್ ನೊಗ ಯಾರ್ ಬಿಚ್ಚಿದ್ರು?"

ಕೆಂಪನಂಜಪ್ಪ ಸೈಕಲ್ಲು ನಿಲ್ಲಿಸಿದ. ಹೆಗಲ ಮೇಲಿನ ಟವಲ್ಲನ್ನು ಮಡಿಸಿ ಕ್ಯಾರಿಯರ್ ಮೇಲೆ ಹಾಸಿದ.

"ಕೂತ್ಕೊ."

"ಸೋಮಾರ ಅಂದ್ರಲ್ಲ?"

"ಸೋಮಾರ ಅಂತ್ಲೇ ಏಳ್ತಿರೋದು. ಕೂತ್ಕೊ," ಅಂದ.